ಗೀಜಗದ ರೆಕ್ಕೆಗೆ ಗಂಜಿ

ನಾಗರತ್ನ ಬರೆದ ವಿಮಾನಗಳಲ್ಲಿ ಒಂದೂ ಹಾರಿದ್ದಿಲ್ಲ. ಹಾರಲಿ ಎಂದು ಅವಳು ಬರೆಯುತ್ತಲೂ ಇರಲಿಲ್ಲ. ತಿ. ನರಸೀಪುರದ ನೀರಾವರಿ ಕಚೇರಿಯಲ್ಲಿ ನಾಲೆ, ತೂಬು, ಸೇತುವೆಗಳ ನಕ್ಷೆ ಬರೆಯುವುದು ಇಪ್ಪತ್ತಮೂರು ವರ್ಷದಿಂದ ಅವಳ ಕೆಲಸ. ಸಂಜೆ ಮನೆಗೆ ಬಂದು ಅನ್ನಕ್ಕಿಟ್ಟು, ಹಳೆಯ ಲ್ಯಾಪ್‌ಟಾಪ್ ತೆರೆದು ಬರೆಯುತ್ತಿದ್ದುದು ಮಾತ್ರ ಯುದ್ಧವಿಮಾನ. ಅದೂ ನಡೆಯದೇ ಹೋದ ಯುದ್ಧದ್ದು, ಯಾವ ಕಾಲದಲ್ಲೂ ಇಲ್ಲದ ವಾಯುಪಡೆಯದ್ದು.

‘ಆಗದ ಚರಿತ್ರೆ’ ಎಂಬ ವಾಟ್ಸ್ಯಾಪ್ ಗುಂಪಿಗೆ ಅವಳು ಸೇರಿದ್ದು ಲಾಕ್‌ಡೌನ್ ಕಾಲದಲ್ಲಿ. ಅಲ್ಲಿದ್ದ ಅರವತ್ತು ಚಿಲ್ಲರೆ ಜನ ಚರಿತ್ರೆಯಲ್ಲಿ ಒಂದು ಸಂಗತಿಯನ್ನು ಬದಲಾಯಿಸಿಕೊಂಡು, ಹಾಗಾಗಿದ್ದರೆ ಎಂಥ ವಿಮಾನ ಬರುತ್ತಿತ್ತು ಎಂದು ಬರೆಯುತ್ತಿದ್ದರು. ನಾಗರತ್ನ ಬದಲಾಯಿಸಿದ್ದು ಇಷ್ಟೇ. ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಸಮುದ್ರದ ದಾರಿಗಳೆಲ್ಲ ಮುಚ್ಚಿಹೋದವು. ಹೊರಗಿನಿಂದ ಅಲ್ಯೂಮಿನಿಯಂ ಬರಲಿಲ್ಲ. ಮೈಸೂರು ಸಂಸ್ಥಾನ ತನ್ನ ಅಣೆಕಟ್ಟುಗಳನ್ನು ಕಾಯಲು ತನ್ನಲ್ಲಿರುವುದರಿಂದಲೇ ವಿಮಾನ ಕಟ್ಟಬೇಕಾಯಿತು. ಬಿದಿರು, ಹೊನ್ನೆಮರ, ಬದನವಾಳಿನ ಖಾದಿ. ಇಬ್ಬರು ಕೂರುವ ಕಾವಲು ವಿಮಾನ, ಎರಡು ಬಂದೂಕು, ಹೊಟ್ಟೆಯ ಕೆಳಗೆ ನಾಲ್ಕು ಸಣ್ಣ ಬಾಂಬು. ಅದಕ್ಕೆ ಗೀಜಗ ಎಂದು ಹೆಸರಿಟ್ಟಿದ್ದಳು.

ಗುಂಪನ್ನು ನಡೆಸುವ ಅಮೃತೇಶ್ ಮೈಸೂರಿನಲ್ಲಿ ಸಣ್ಣ ಮುದ್ರಣಾಲಯ ಇಟ್ಟುಕೊಂಡವನು. ಈ ಜೂನ್‌ನಲ್ಲಿ ಎಲ್ಲರ ವಿಮಾನಗಳನ್ನು ಸೇರಿಸಿ ಪುಸ್ತಕ ತರುತ್ತೇನೆಂದ. ತಲಾ ಎರಡು ಪುಟ. ವಿಮಾನ ಕಟ್ಟುಕತೆಯಾದರೂ ಸರಿ, ಗಾಳಿ, ತೂಕ, ಮಳೆಯ ಲೆಕ್ಕ ಮಾತ್ರ ನಿಜವಿರಬೇಕು ಎಂಬುದು ಅವನ ಷರತ್ತು. ನಾಗರತ್ನ ನಾಲ್ಕು ತಿಂಗಳು ಕೂತು ತಿದ್ದಿದ ಹಾಳೆಯನ್ನು ಶುಕ್ರವಾರ ಕಳಿಸಿದಳು. ಬದಿಯ ಟಿಪ್ಪಣಿಗಳಲ್ಲಿ ಏಳನೆಯದು: ‘ರೆಕ್ಕೆಯ ಬಟ್ಟೆಯನ್ನು ರಾಗಿ ಗಂಜಿಯಿಂದ ಬಿಗಿಗೊಳಿಸಿದೆ.’

ಅರ್ಧ ಗಂಟೆಯಲ್ಲಿ ಉತ್ತರಗಳು ಬಂದವು.

‘ಮೊದಲ ಮಳೆಗೆ ರೆಕ್ಕೆ ಒದ್ದೆ ಟವೆಲ್ ಆಗುತ್ತೆ ಮೇಡಂ.’

‘ಶತ್ರು ಯಾಕೆ ಬೇಕು, ಹೆಗ್ಗಣ ಸಾಕು. ರಾತ್ರಿ ಕಳೆಯೋದರಲ್ಲಿ ಏರ್‌ಫೋರ್ಸ್ ಖಾಲಿ.’

‘ಜೊತೆಗೆ ಉಪ್ಪೆಸರು ಬೇಡ್ವಾ?’

ಕೊನೆಗೆ ಅಮೃತೇಶ್ ಬರೆದಿದ್ದ: ‘ಅವರು ಹೇಳೋದು ಸರಿ ಇದೆ ಮೇಡಂ. ಭಾನುವಾರ ಸಂಜೆಯೊಳಗೆ ಇದಕ್ಕೊಂದು ದಾರಿ ಹುಡುಕಿ. ಇಲ್ಲದಿದ್ದರೆ ಗೀಜಗನ್ನ ಈ ಪುಸ್ತಕದಿಂದ ಬಿಡಬೇಕಾಗುತ್ತೆ.’

ಗಂಡ ಪ್ರೇಮ್‌ಕುಮಾರ್ ತಟ್ಟೆ ಹಾಕುತ್ತಾ, “ಏನು, ನಿನ್ನ ಏರ್‌ಫೋರ್ಸ್ ಇವತ್ತು ಊಟ ಮಾಡಲ್ವಂತಾ?” ಎಂದ. ಅವಳು ನಗಲಿಲ್ಲ. ಅವನು ಹುಳಿ ಬಡಿಸಿದ.

ನಗೆಪಾಟಲಾದದ್ದಕ್ಕಿಂತ ಅವಳನ್ನು ಚುಚ್ಚಿದ್ದು ಬೇರೆ. ಆ ಏಳನೆಯ ಟಿಪ್ಪಣಿಯೊಂದನ್ನೇ ಅವಳು ಯಾವ ಪುಸ್ತಕವನ್ನೂ ನೋಡದೆ ಬರೆದಿದ್ದಳು. ಅವ್ವ ಮರಿತಾಯಮ್ಮ ಬದನವಾಳಿನ ಖಾದಿ ಕೇಂದ್ರದಲ್ಲಿ ಮೂವತ್ತು ವರ್ಷ ನೂಲಿಗೆ ಗಂಜಿ ಹಾಕಿದವಳು. ಮೊಳಕೈವರೆಗೆ ಒಣಗಿ ಬಿರಿದ ಗಂಜಿಯೊಂದಿಗೇ ಮನೆಗೆ ಬರುತ್ತಿದ್ದಳು. ಆ ವಾಸನೆಯಲ್ಲಿ ಬೆಳೆದ ತನಗೆ ಗಂಜಿಯ ವಿಷಯ ಗೊತ್ತು ಎಂದುಕೊಂಡಿದ್ದಳು ನಾಗರತ್ನ. ಹೊನ್ನೆಮರದ ತೂಕಕ್ಕೆ ಹತ್ತು ಕಡೆ ಹುಡುಕಿದ್ದಳು. ಅವ್ವನನ್ನು ಒಂದು ಮಾತು ಕೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ನಕ್ಷೆಯ ಪ್ರಿಂಟನ್ನು ಸುರುಳಿ ಸುತ್ತಿಕೊಂಡು ನಂಜನಗೂಡಿನ ಬಸ್ಸು ಹತ್ತಿದಳು. ಅಲ್ಲಿ ಬಸ್ಸು ಬದಲಾಯಿಸಿ ಬದನವಾಳಿಗೆ ಬಂದಾಗ ಒಂಬತ್ತೂವರೆ. ಮರಿತಾಯಮ್ಮ ಜಗುಲಿಯ ಮೇಲೆ ಕೂತು ಅವರೆಕಾಳು ಆರಿಸುತ್ತಿದ್ದಳು.

“ಏನಮ್ಮಿ, ಏಳ್ದೆ ಕೇಳ್ದೆ ಬಂದ್ಬುಟ್ಟೆ? ಅಳೀಮಯ್ಯ ಚೆನ್ನಾಗವ್ರಾ?”

“ಅವರೆಲ್ಲ ಚೆನ್ನಾಗವ್ರೆ. ನಿನ್ನ ಒಂದು ಕೇಳಬೇಕಿತ್ತು.” ನಾಗರತ್ನ ಹಾಳೆಯನ್ನು ಚಾಪೆಯ ಮೇಲೆ ಬಿಡಿಸಿ ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟಳು.

ಮರಿತಾಯಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದಳು. “ನಾಲೆ ಅಲ್ವಲ್ಲ ಇದು.”

“ಇಮಾನ ಕಣವ್ವ. ರೆಕ್ಕೆಗೆಲ್ಲ ನಿಮ್ಮ ಕೇಂದ್ರದ ಬಟ್ಟೆ.”

“ಇದೇನು, ಕೆಳಗೆ ನೇತಾಕಿರೋದು?”

“ಬಾಂಬು.”

“ಥೂ, ಗಾಂಧಿ ಬಟ್ಟೆ ಕಣಮ್ಮಿ ಅದು! ಅದುಕ್ಕೋಗಿ ಬಾಂಬು ಕಟ್ಟಿದ್ದೀಯಲ್ಲ. ಯಾರುನ್ನ ಕೊಂದದೆ ಇದು?”

“ಯಾರನ್ನೂ ಇಲ್ಲ. ಆ ಯುದ್ಧಾನೇ ಆಗ್ಲಿಲ್ಲ.”

ಮರಿತಾಯಮ್ಮ ಕನ್ನಡಕ ಸರಿಮಾಡಿಕೊಂಡಳು. “ಅಂಗಾದ್ರೆ ಬುಡು,” ಎಂದಳು. “ಏನು ಕೇಳ್ಬೇಕು ಕೇಳು.”

ನಾಗರತ್ನ ಏಳನೆಯ ಟಿಪ್ಪಣಿಯನ್ನು ಓದಿದಳು. ಅವ್ವ ಬೊಚ್ಚುಬಾಯಿ ತೆರೆದು ನಕ್ಕ ರಭಸಕ್ಕೆ ಮಡಿಲಿನ ಅವರೆಕಾಳು ನೆಲಕ್ಕೆ ಚೆಲ್ಲಿತು.

“ಬಟ್ಟೆಗೆ ಗಂಜಿ ಆಕಿದ್ದೀಯ? ಮೂವತ್ತು ವರ್ಸ ನನ್ನ ಕೈ ನೋಡಿ ಇದಾ ಕಲ್ತಿದ್ದು ನೀನು? ಗಂಜಿ ನೂಲುಗೆ ಕಣೆ, ಬಟ್ಟೆಗಲ್ಲ. ಮಗ್ಗದಲ್ಲಿ ಎಳೆ ತುಂಡಾಗ್ಬಾರ್ದು ಅಂತ ಆಕೋದು. ನೇದಾದ್ಮೇಲೆ ಅದುನ್ನ ತೆಗೀಲೇಬೇಕು. ಬುಟ್ರೆ ಹುಳ ಬೀಳ್ತದೆ, ಮಡಿಕೆ ಮಡಿಕೆಗೂ ಬಟ್ಟೆ ಬಿರೀತದೆ.”

ನಾಗರತ್ನಳಿಗೆ ಕಿವಿಯವರೆಗೆ ಬಿಸಿಯಾಯಿತು. ಗುಂಪಿನವರು ನಕ್ಕಾಗಲೂ ಹೀಗಾಗಿರಲಿಲ್ಲ.

“ಹಂಗಾದ್ರೆ ಬಟ್ಟೆ ಬಿಗಿಯಾಗೋದು ಹೆಂಗೆ?”

ಮರಿತಾಯಮ್ಮ ಎದ್ದು ಒಳಗೆ ಹೋದಳು. ಬಲೆ ಹರಿದುಹೋದ ಹಳೆಯ ಜರಡಿಯೊಂದನ್ನು, ಟ್ರಂಕಿನಲ್ಲಿದ್ದ ಒಗೆಯದ ಖಾದಿಯ ತುಂಡೊಂದನ್ನು ತಂದಳು. ಮಗ್ಗದಿಂದ ಇಳಿದಂತೆಯೇ ಇದ್ದ ಬಟ್ಟೆ, ಮುಟ್ಟಿದರೆ ರಟ್ಟಿನಂತೆ ಒರಟು.

“ಇಂಗೇ ಒಣಗಿದ್ದುನ್ನೇ ಒಲಿ. ಸುತ್ತಾನೂ ಒತ್ತೊತ್ತಾಗಿ ಆಕು ಒಲಿಗೆಯ.”

ನಾಗರತ್ನ ಜರಡಿಯ ಬಳೆಗೆ ಬಟ್ಟೆ ಎಳೆದು ಹೊಲಿದಳು. ಎಷ್ಟು ಎಳೆದರೂ ನಡುವೆ ಸಡಿಲವಿತ್ತು. ಅವ್ವ ಹಂಡೆಯಿಂದ ಬಿಸಿನೀರು ತಂದು ಚೊಂಬಿನಿಂದ ಅದರ ಮೇಲೆ ಮೆಲ್ಲಗೆ ಹುಯ್ದಳು. ಮೊದಲು ಇಳಿದದ್ದು ಬಿಳಿಯ ಬಗ್ಗಡ. ಮೂರನೆಯ ಚೊಂಬಿಗೆ ನೀರು ತಿಳಿಯಾಯಿತು.

“ಗಂಜಿ ಓಯ್ತು. ಈಗ ಬಿಸ್ಲಲ್ಲಿಡು. ಒಸಾ ಖಾದಿ ಮೊದುಲ್ನೇ ನೀರಿಗೆ ಗೇಣುದ್ದ ಕುಗ್ತದೆ. ಇಲ್ಲಿ ಕುಗ್ಗಾಕೆ ಜಾಗ ಇಲ್ವಲ್ಲ, ಅದುಕ್ಕೆ ಬಿಗೀತದೆ.”

ಒಣಗುವ ತನಕ ಇಬ್ಬರೂ ಚೆಲ್ಲಿದ ಅವರೆ ಆರಿಸಿದರು. ಮರಿತಾಯಮ್ಮ ನಡುನಡುವೆ ಹಾಳೆಯ ಕಡೆ ನೋಡುತ್ತಿದ್ದಳು.

“ಈ ರೆಕ್ಕೆಗಳ್ನ ಒಲಿಯೋರು ಯಾರು?”

“ಅಂದ್ರೆ?”

“ಇಷ್ಟುದ್ದ ಇದ್ದಾವೆ. ಯಾರಾದ್ರೂ ಕೂತು ಒಲೀಬೇಕಲ್ಲ.”

ನಾಗರತ್ನ ಅದನ್ನು ಯೋಚಿಸಿರಲಿಲ್ಲ. ಅವಳ ಹಾಳೆಯಲ್ಲಿ ಓಡಿಸುವವನಿದ್ದ, ಬಂದೂಕು ಹಿಡಿದವನಿದ್ದ, ಸಂಸ್ಥಾನದ ಲಾಂಛನವೂ ಇತ್ತು. ಹೊಲಿಯುವವರಿರಲಿಲ್ಲ. ತಾನೂ ಹೆಂಗಸಾಗಿದ್ದು ಇದು ತೋಚಲಿಲ್ಲವಲ್ಲ ಎಂದು ಒಂದು ಕ್ಷಣ ಪೆಚ್ಚಾದಳು. ಆಮೇಲೆ ಅವ್ವನನ್ನೇ ಕೇಳಿ ಲೆಕ್ಕ ಹಾಕಿದಳು: ಒಂದು ರೆಕ್ಕೆಗೆ ನಾಲ್ಕು ಜನ, ಮೂರು ದಿನ. “ಬಾಯ್ ಮುಚ್ಕೊಂಡು ಒಲುದ್ರೆ ಎರಡೇ ದಿನ. ಆದ್ರೆ ಯಾರು ಮುಚ್ಕೊಂಡಾರು?” ಎಂದಳು ಮರಿತಾಯಮ್ಮ.

ಹನ್ನೆರಡರ ಬಿಸಿಲಿಗೆ ಬಟ್ಟೆ ಒಣಗಿತು. ನಾಗರತ್ನ ಬೆರಳಿನಿಂದ ತಟ್ಟಿದಳು. ಡಣ್ ಎಂದಿತು. ಬಾಗಿಲಿಗೆ ಹಚ್ಚಿ ಉಳಿದಿದ್ದ ಅಗಸೆಎಣ್ಣೆಯನ್ನು ಅರ್ಧಕ್ಕೆ ಸವರಿ ನೀರು ಹನಿಸಿದಾಗ, ಹನಿ ಅತ್ತಿತ್ತ ಉರುಳಿ ಕೆಳಗೆ ಬಿತ್ತು. ಒಂದು ಜರಡಿಯಲ್ಲಿ ಆದದ್ದು ಇಡೀ ರೆಕ್ಕೆಯಲ್ಲೂ ಆಗುತ್ತದೆಂದು ಖಾತ್ರಿಯಿರಲಿಲ್ಲ. ಆದರೂ ವಾದಕ್ಕೆ ನಿಲ್ಲುವಷ್ಟು ಆಧಾರ ಸಿಕ್ಕಿತ್ತು. ಇಡೀ ಪ್ರಯೋಗದ ವಿಡಿಯೊ ಮಾಡಿದಳು.

ಹಾಳೆಯಲ್ಲಿ ಏಳನೆಯ ಟಿಪ್ಪಣಿ ಹೊಡೆದುಹಾಕಿ ಪಕ್ಕದಲ್ಲಿ ಪೆನ್ನಿನಿಂದ ಹೊಸದನ್ನು ಬರೆದಳು. ಹೊಲಿಯುವವರದ್ದು ಎಂಟನೆಯದಾಯಿತು. ಬಲಗಡೆಯ ಕೆಳಮೂಲೆಯಲ್ಲಿ ಕಚೇರಿಯ ನಕ್ಷೆಗಳಲ್ಲಿರುವಂಥದೇ ಎರಡು ಸಣ್ಣ ಚೌಕದ ಮನೆಗಳಿದ್ದವು. ‘ಬರೆದವರು’ ಎಂಬಲ್ಲಿ ಅವಳ ಸಹಿಯಿತ್ತು. ‘ಪರಿಶೀಲಿಸಿದವರು’ ಎಂಬುದನ್ನು ಅಭ್ಯಾಸಬಲದಿಂದ ಖಾಲಿ ಬಿಟ್ಟಿದ್ದಳು. ಕಚೇರಿಯಲ್ಲಿ ಆ ಮನೆ ಯಾವತ್ತೂ ಇಂಜಿನಿಯರುಗಳದ್ದು.

“ಅವ್ವ, ಇಲ್ಲೊಂದು ಸೈನಾಕು.”

“ನಾನ್ಯಾಕೆ? ಆಮೇಲೆ ಇಮಾನ ಬಿದ್ರೆ ನನ್ನ ಇಡ್ಕೊಂಡೋಗಾಕಾ?”

“ಹಾರೋದೇ ಇಲ್ಲ ಕಣವ್ವ ಅದು, ಬೀಳೋದೆಲ್ಲಿಂದ ಬಂತು?”

ಮರಿತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಹೆಸರು ಮನೆಯಿಂದ ಹೊರಗೆ ಬಂದು ಬಾಲದ ರೆಕ್ಕೆಗೆ ತಾಗಿತು.

ಫೋಟೊ, ವಿಡಿಯೊ ಎರಡೂ ಹೋದವು. ಅಮೃತೇಶನ ಉತ್ತರ ಬರುವ ಹೊತ್ತಿಗೆ ಊಟವಾಗಿತ್ತು. ‘ಎರಡು ಸಲ ನೋಡಿದೆ ಮೇಡಂ. ಒಪ್ಪಿದೆ. ಗೀಜಗ ಪುಸ್ತಕದಲ್ಲಿರುತ್ತೆ. ಪರಿಶೀಲಿಸಿದವರು ಯಾವ ಕಡೆಯ ಇಂಜಿನಿಯರು? ಹೆಸರಿನ ಜೊತೆ ಹುದ್ದೆ ಹಾಕಬೇಕು.’

ನಾಗರತ್ನ ಅದನ್ನು ಗಟ್ಟಿಯಾಗಿ ಓದಿದಳು. “ಏನಂತ ಬರೀಲವ್ವ?”

ಮರಿತಾಯಮ್ಮ ಜರಡಿಯನ್ನು ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ತಟ್ಟಿ ನೋಡುತ್ತಿದ್ದಳು.

“ಗಂಜಿ ಆಕೋಳು ಅಂತ ಬರಿ,” ಎಂದಳು. “ಇನ್ನೇನು ಬರ್ದೀಯ?”

ನಾಗರತ್ನ ಹಾಗೆಯೇ ಬರೆದು ಕಳಿಸಿದಳು.