ತೂಗುಹಾಕಿದ ಮೇಲೇ ಚೀಟಿ

"ಒಂಬತ್ತನೇ ಕ್ಲಾಸು ದಾಟದವನು ಪ್ರೋಗ್ರಾಂ ಬರೆದನಂತೆ! ಇಸ್ತ್ರಿಪೆಟ್ಟಿಗೆಗೂ ಕೀಬೋರ್ಡಿಗೂ ವ್ಯತ್ಯಾಸ ಗೊತ್ತೇನೋ ನಿಂಗೆ?"

ಭಾವ ಇದನ್ನು ಹೇಳಿದ್ದು ಲಾಂಡ್ರಿಯ ಕೌಂಟರಿನಲ್ಲಿ, ಬಟ್ಟೆಗೆ ಕಾಯುತ್ತಿದ್ದ ಐದು ಜನರ ಎದುರಿಗೆ. ಮೀಸೆಯ ಗಿರಾಕಿಯೊಬ್ಬ ನಕ್ಕೇಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು.

ಲಾಂಡ್ರಿ ದೊಡ್ಡಮ್ಮನದು. ಭಾವ ಅವಳ ಅಳಿಯ, ಎಂಜಿನಿಯರು. ಯಾವ ನಂಬರಿನ ಬಟ್ಟೆ ಯಾವ ಕಂಬಿಯಲ್ಲಿದೆ ಎಂದು ಹುಡುಕಿಕೊಡುವ ಹಳೆಯ ಪ್ರೋಗ್ರಾಂ ಅವನದೇ. ಹೋದ ಶನಿವಾರ ಬೆಳಿಗ್ಗೆ ಗಿರಾಕಿಯೊಬ್ಬ ತನ್ನ ಕೋಟು ಒಯ್ದಿದ್ದ. ಸಂಜೆ ಅವನ ಹೆಂಡತಿ ಅದೇ ರಸೀದಿಯ ಇನ್ನೊಂದು ಪ್ರತಿ ಹಿಡಿದು ಬಂದಳು. ಇಲ್ಲದ ಕೋಟನ್ನು ಹುಡುಕಲು ಹೋದ ಪ್ರೋಗ್ರಾಂ ಅಲ್ಲೇ ಅಂಗಾತ ಮಲಗಿತು, ಗಿರಾಕಿಗಳ ಸಾಲು ಬೀದಿಗೆ ಬಂತು. 'ಮೊದಲು ಇದೆಯೋ ಇಲ್ಲವೋ ನೋಡು' ಎಂದು ಭಾವ ನಲವತ್ತು ಕಡೆ ಬರೆದಿದ್ದ, ಒಂದು ಕಡೆ ಮರೆತಿದ್ದ. ಆ ಮರೆವಿಗೇ ಜಾಗವಿಲ್ಲದಂತೆ, ಅಲ್ಲೇ ಇಸ್ತ್ರಿ ಹಾಕುವ ನಾನು ಎಲ್ಲವನ್ನೂ ಹೊಸದಾಗಿ ಬರೆದೆ. ಇವತ್ತು ಈ ಹೊಸ ಪ್ರೋಗ್ರಾಂ ಒಮ್ಮೆ ನಿಂತರೂ ನಾನು ಮತ್ತೆ ಇಸ್ತ್ರಿ ಮೇಜಿಗೆ. ದೊಡ್ಡಮ್ಮ ಖಡಾಖಂಡಿತವಾಗಿ ಹೇಳಿದ್ದಳು.

"ಬಾಯಲ್ಲಿ ಬೇಡ ಭಾವ, ಬೀಳಿಸಿ ತೋರಿಸಿ," ಎಂದೆ.

ಭಾವ ತೋಳು ಮಡಚಿ ಕಂಪ್ಯೂಟರಿನ ಮುಂದೆ ಕೂತ. ಮನಸ್ಸಿಗೆ ಬಂದ ನಂಬರೊಂದನ್ನು ಹುಡುಕುವ ಸಾಲನ್ನು ನನ್ನ ಪ್ರೋಗ್ರಾಮಿಗೆ ಸೇರಿಸಿ ಗುಂಡಿ ಒತ್ತಿದ. ಆ ಸಾಲಿನಡಿ ಕೆಂಪು ಗೆರೆ ಬಂತು. ಪ್ರೋಗ್ರಾಂ ಶುರುವಾಗಲೇ ಇಲ್ಲ.

"ಓಡ್ತಾನೇ ಇಲ್ವಲ್ಲೋ ಇದು!"

"ತಪ್ಪು ಬರೆದ್ರೆ ಓಡಬಾರದು. ಹುಡುಕೋದು ಬರೀ ನಂಬರ್ ತಗೊಳ್ಳಲ್ಲ. ಅದಕ್ಕೆ ಚೀಟೀನೇ ಕೊಡಬೇಕು, ಆ ಹೆಸರಲ್ಲಿ ಬೇರೆ ನಮೂನೇನೇ ಮಾಡಿದ್ದೀನಿ. ಬಟ್ಟೆ ಕಂಬಿ ಮೇಲಿದ್ರೆ ಮಾತ್ರ ಅದು ಹುಟ್ಟೋದು. ಚೀಟಿ ಇದೆ ಅಂದ್ರೆ ಬಟ್ಟೆ ಇದ್ದೇ ಇದೆ."

"ಗಿರಾಕಿ ಬಾಯಲ್ಲಿ ಎಂಥದೋ ನಂಬರ್ ಹೇಳಿದ್ರೆ?" ದೊಡ್ಡಮ್ಮ ಕೇಳಿದಳು.

"ಕೌಂಟರಲ್ಲಿ ಒಂದೇ ಸಲ ನೋಡುತ್ತೆ, ದೊಡ್ಡಮ್ಮ. ಇದ್ರೆ ಚೀಟಿ, ಇಲ್ದಿದ್ರೆ 'ಇಲ್ಲ'. ಆಮೇಲೆ ಒಳಗೆ ಎಲ್ಲೂ 'ಇದ್ಯೋ ಇಲ್ವೋ' ಅಂತ ಮತ್ತೆ ಕೇಳೋ ಹಾಗಿಲ್ಲ."

"ಕೋಟು ಕೊಟ್ಟಾದ್ಮೇಲೆ ಅದೇ ಚೀಟೀಲಿ ಮತ್ತೆ ಹುಡುಕಿದ್ರೆ?" ಎನ್ನುತ್ತ ಭಾವ ಅದನ್ನೂ ಬರೆದ. ಮತ್ತೆ ಕೆಂಪು: 'ಈ ಚೀಟಿ ಕೋಟು ಕೊಟ್ಟ ಸಾಲಿನಲ್ಲೇ ಖರ್ಚಾಗಿದೆ.' ಮೀಸೆಯವನು ಈಗ ಭಾವನ ಮುಖ ನೋಡಿ ನಕ್ಕ.

ಭಾವ ಇನ್ನೂ ಆರು ದಾರಿ ಹುಡುಕಿದ. ಆರಕ್ಕೂ ಕೆಂಪು.

"ಅಳಿಯಂದ್ರೇ, ಸ್ವಲ್ಪ ಏಳ್ತೀರಾ?" ಎಂದಳು ದೊಡ್ಡಮ್ಮ. "ಜನ ಕಾಯ್ತಿದ್ದಾರೆ."

ಭಾವ ಸೇರಿಸಿದ ಸಾಲುಗಳನ್ನು ಅಳಿಸಿ ಅವಳನ್ನು ಕೂರಿಸಿದೆ. ಐದು ನಂಬರು, ಐದು ಬಟ್ಟೆ. ಆರನೆಯದಾಗಿ ಶನಿವಾರದ ಹಾಳು ರಸೀದಿಯ ನಂಬರನ್ನೇ ಒತ್ತಿದಳು. 'ಇಲ್ಲ, ಒಯ್ದಾಗಿದೆ' ಎಂದು ಹೇಳಿ ಪ್ರೋಗ್ರಾಂ ಮುಂದಿನ ನಂಬರಿಗೆ ಕಾಯುತ್ತ ನಿಂತಿತು. ದೊಡ್ಡಮ್ಮ ಕುರ್ಚಿಯಲ್ಲೇ ಕುಣಿದಳು.

"ನಾಳೆಯಿಂದ ಇಸ್ತ್ರಿಗೆ ಬೇರೆಯವರನ್ನ ನೋಡ್ತೀನಿ!"

ಭಾವ ದನಿ ತಗ್ಗಿಸಿ ಕೇಳಿದ: "ಇದನ್ನೆಲ್ಲ ಎಲ್ಲಿ ಕಲಿತ್ಯೋ?"

ಬೆಳಿಗ್ಗೆಯಿಂದ ಮಸೆದಿಟ್ಟ ಉತ್ತರಗಳು ಬಾಯಿತುಂಬ ಇದ್ದವು. ಇಸ್ತ್ರಿಪೆಟ್ಟಿಗೆಯನ್ನು ತಂದು ಕೀಬೋರ್ಡಿನ ಪಕ್ಕದಲ್ಲಿಟ್ಟೆ, ವ್ಯತ್ಯಾಸ ನೋಡಿಕೊಳ್ಳಲಿ ಎಂದು. ಆಮೇಲೆ ಶಿಳ್ಳೆ ಹಾಕುತ್ತ ಬೀದಿಗಿಳಿದೆ.