ಡೈರಿ ನಂಬರಿನ ಟೀಮು

ಮಕ್ಕಳಿಗೆ ಫುಟ್‌ಬಾಲ್ ಆಡಿಸಲು ಏನು ಬೇಕು ಎಂದು ನನ್ನನ್ನು ಕೇಳಿದ್ದರೆ ಚೆಂಡು, ಬಯಲು, ಮಕ್ಕಳು ಅನ್ನುತ್ತಿದ್ದೆ. ಉದಯಕುಮಾರನನ್ನು ಯಾರೂ ಕೇಳಿರಲಿಲ್ಲ. ಅವನೇ ಎದ್ದು ನಿಂತು ಸಾಫ್ಟ್‌ವೇರ್ ಬೇಕು ಅಂದ.

ಉದಯಕುಮಾರ ನಮ್ಮ ಜಿಲ್ಲೆಯ ಮಕ್ಕಳ ಫುಟ್‌ಬಾಲ್ ಕೂಟದ ಕಾರ್ಯದರ್ಶಿ. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದಾಗ ಎಲ್ಲದಕ್ಕೂ ಹೊಸ ಕಾರ್ಯದರ್ಶಿಗಳು ಬೇಕಾದರು. ಎಲ್ಲಿ ಕುರ್ಚಿ ಖಾಲಿ ಕಂಡಿತೋ ಅಲ್ಲಿ ಇವನು ಕೂತ. ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ಸೈಟು ಮಾರಿ ದಪ್ಪಗಾದ ಮನುಷ್ಯ. ಅವನ ಕಾಲಿಗೆ ಚೆಂಡು ತಾಗಿದ್ದು ಉದ್ಘಾಟನೆಯ ದಿನ ಒಂದೇ ಸಲ. ಅವತ್ತು ಚೆಂಡಿಗಿಂತ ಅವನ ಚಪ್ಪಲಿ ದೂರ ಹೋಯಿತು.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಅವನು ನಾಲ್ಕು ಊರಿನ ಕೋಚುಗಳನ್ನು ತನ್ನ ಸೈಟು ಕಚೇರಿಗೆ ಕರೆಸಿದ. ಚಿಕ್ಕಬಳ್ಳಾಪುರದ ತಂಡ ಅವನದೇ. ಗೌರಿಬಿದನೂರಿನಿಂದ ಸಿದ್ಧಾರ್ಥ್ ಬಂದಿದ್ದ, ಕಾಲೇಜಿನ ಪಿ.ಟಿ. ಮೇಷ್ಟ್ರು, ಇನ್ನೂ ಮೂವತ್ತು ದಾಟದವನು. ಚಿಂತಾಮಣಿಯಿಂದ ಚಲಪತಿ, ಟೊಮೇಟೊ ಮಂಡಿಯಲ್ಲಿ ಗುಮಾಸ್ತ. ಶಿಡ್ಲಘಟ್ಟದ ಕಡೆಯಿಂದ ನಾನು, ಆವುಲಪ್ಪ. ಚಿಂತಾಮಣಿ ರಸ್ತೆಯಿಂದ ನಮ್ಮೂರಿಗೆ ತಿರುಗುವ ಗೇಟಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದೇನೆ. ಓದಿದ್ದು ಊರ ಶಾಲೆಯಲ್ಲಿ ಏಳನೆಯ ಕ್ಲಾಸು. ಚೆಂಡು ಕಲಿತದ್ದು ಮಾತ್ರ ಕೆ.ಜಿ.ಎಫ್.ನಲ್ಲಿ, ನಮ್ಮ ಮಾವ ಗಣಿಯಲ್ಲಿ ಕೆಲಸಕ್ಕಿದ್ದಾಗ. ಅಲ್ಲಿ ಸರಿಯಾಗಿ ಚೆಂಡು ಒದೆಯದವನಿಗೆ ಹೆಣ್ಣು ಕೊಡಲೂ ಯೋಚನೆ ಮಾಡುತ್ತಿದ್ದರು.

ಗೋಡೆಗೆ ಬಿಳಿ ಪಂಚೆ ಕಟ್ಟಿ ಅದರ ಮೇಲೆ ಚಿತ್ರ ಬಿಟ್ಟರು. ಬಿಡುತ್ತಿದ್ದವನು ಮಧುಕುಮಾರ, ಉದಯಕುಮಾರನ ಅಕ್ಕನ ಮಗ, ಬಸ್ ಸ್ಟಾಂಡಿನ ಹತ್ತಿರ ಕಂಪ್ಯೂಟರ್ ಸೆಂಟರ್ ನಡೆಸುವವನು.

"ಮೂರು ಸಾಫ್ಟ್‌ವೇರ್ ತೋರಿಸ್ತೀನಿ ಸಾರ್. ನೀವೇ ಆರಿಸಿ. ಎಲ್ಲಾ ಡೆಮಾಕ್ರಟಿಕ್ಕು," ಅಂದ.

ಮೊದಲನೆಯದು ಪರದೇಶದ್ದು. ಅದರಲ್ಲಿ ಕೆಂಪು ಕೆನ್ನೆಯ ಮಕ್ಕಳು ಹಸಿರು ಹುಲ್ಲಿನ ಮೇಲೆ ನಿಂತು ನಗುತ್ತಿದ್ದರು. ಯಾವ ಮಗುವನ್ನು ಯಾರ ಕಾರಿನಲ್ಲಿ ಕರೆತರಬೇಕು, ಆಟದ ನಡುವೆ ಹಣ್ಣು ಹೆಚ್ಚಿ ತರುವ ಸರದಿ ಯಾವ ತಾಯಿಯದು ಎಂದೆಲ್ಲ ತುಂಬಲು ಅದರಲ್ಲಿ ಕಾಲಂಗಳಿದ್ದವು.

"ಕಾರಿನ ಕಾಲಂನಲ್ಲಿ ಟಮಾಟ ಟೆಂಪೋ ಅಂತ ಹಾಕಬಹುದಾ?" ಚಲಪತಿ ಕೇಳಿದ.

"ಆಪ್ಷನ್ ಇಲ್ಲ ಸಾರ್."

"ಅಯಿತೇ ವದ್ದು, ಬಿಡು," ಎಂದು ಚಲಪತಿ ತೆಲುಗಿನಲ್ಲೇ ಬೇಡ ಅಂದ.

ಎರಡನೆಯದಕ್ಕೆ ಡಾಲರ್ ಕಟ್ಟಬೇಕಿತ್ತು. ಉದಯಕುಮಾರ ಕೈಯಾಡಿಸಿ ಅದನ್ನು ಮುಗಿಸಿದ. ಮೂರನೆಯದು ಮಧುಕುಮಾರ ತಾನೇ ಮಾಡಿದ್ದು. ಪಂದ್ಯ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಪ್ರತಿ ಆಟಗಾರ್ತಿಯ ಮೊಬೈಲಿಗೂ ಮೆಸೇಜು ಹೋಗುತ್ತದೆ. ಪಂದ್ಯದ ದಿನ ಕಂಪ್ಯೂಟರೇ ತಂಡದ ಪಟ್ಟಿ ತೆಗೆದುಕೊಡುತ್ತದೆ. ಪಟ್ಟಿಯಲ್ಲಿ ಇಲ್ಲದವರು ಆಡುವ ಹಾಗಿಲ್ಲ. ಮೂರು ತೋರಿಸಿ ಆರಿಸಲು ಹೇಳಿದ್ದು ಯಾಕೆ ಎಂದು ಆಗ ಅರ್ಥವಾಯಿತು. ಮನೆ ಹೆಣ್ಣನ್ನು ದಾಟಿಸಲು ಪಕ್ಕದಲ್ಲಿ ಇಬ್ಬರು ಕುರೂಪಿಗಳನ್ನು ಕೂರಿಸಿದ ಹಾಗಿತ್ತು.

"ಏನ್ ಸಿದ್ಧಾರ್ಥ್, ನೀವು ಓದಿದವರು, ಹೇಳಿ," ಅಂದ ಉದಯಕುಮಾರ.

ಸಿದ್ಧಾರ್ಥ್ "ಯೂಸರ್ ಫ್ರೆಂಡ್ಲಿ ಇದೆ," ಅಂದ. ಅವನು ಅವತ್ತು ಆಡಿದ್ದು ಅದೊಂದೇ ಮಾತು. ಓದಿದವರ ಜೊತೆ ಇದೇ ತೊಂದರೆ, ಎದುರಿಗೆ ಉಪ್ಪಿಟ್ಟು ಇಟ್ಟರೆ ಏನನ್ನು ಬೇಕಾದರೂ ಚೆನ್ನಾಗಿದೆ ಅನ್ನುತ್ತಾರೆ.

"ಆವುಲಣ್ಣ, ನೀವು?"

"ನಮ್ಮೂರ ಹೆಣ್ಮಕ್ಳ ಹತ್ರ ಚಪ್ಲಿ ಇಲ್ಲ. ಮೊಬೈಲ್ ಎಲ್ಲಿಂದ ತರಲಿ?"

"ಅಪ್ಪ ಅಮ್ಮಂದು ಕೊಡಿ. ಕಾಲ ಎಲ್ಲಿಗೆ ಹೋಗ್ತಿದೆ, ನೀವು ಎಲ್ಲಿದೀರ."

"ಪಂಕ್ಚರ್ ಅಂಗಡೀಲಿದೀನಿ. ನಿನ್ನ ಕಾರು ಅಲ್ಲಿಗೇ ಬರ್ತದೆ."

ಚಲಪತಿ ನಕ್ಕ. ನನ್ನನ್ನು ಬಿಟ್ಟು ಮೂವರೂ ಕೈ ಎತ್ತಿದರು. ಉದಯಕುಮಾರ ಒಂದು ಪತ್ರ ಮುಂದಿಟ್ಟ. ಈ ಸಾಫ್ಟ್‌ವೇರ್ ನಮ್ಮ ಕ್ಲಬ್ಬಿನಲ್ಲಿ ಬಹಳ ಉಪಯೋಗವಾಗಿದೆ, ಬೇರೆ ಜಿಲ್ಲೆಯವರೂ ಕೊಳ್ಳಬೇಕು ಎಂದು ನಾವು ನಾಲ್ವರು ಹೇಳುವ ಪತ್ರ. ಇನ್ನೂ ಒಂದು ಹೆಸರನ್ನೂ ಅದರೊಳಗೆ ಸೇರಿಸಿರಲಿಲ್ಲ, ಆಗಲೇ ಉಪಯೋಗವಾಗಿತ್ತು. ಮೂವರು ಸಹಿ ಹಾಕಿದರು. ನಾನು ಪತ್ರದ ಮೇಲೆ ಟೀ ಲೋಟ ಇಟ್ಟು ಎದ್ದು ಬಂದೆ.

ಆಮೇಲಿನ ವಾರ ಮಧುಕುಮಾರ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. ಹೆಸರು ಸೇರಿಸದಿದ್ದರೆ ತಂಡವನ್ನು ಆಡಿಸುವುದಿಲ್ಲ ಎಂದು ಉದಯಕುಮಾರ ಹೇಳಿ ಕಳಿಸಿದ್ದ. ಬಿಡು, ಆಡದಿದ್ದರೆ ಅಷ್ಟೇ ಹೋಯಿತು ಅನ್ನುವ ಹಾಗಿರಲಿಲ್ಲ. ಕಾರಣ ತನುಜ.

ತನುಜ ನಮ್ಮ ತಂಡದ ಎಡಗಡೆ ಆಡುವ ಹುಡುಗಿ. ಅವಳ ತಾಯಿ ಮುನಿಶಾಮಮ್ಮ ಶಿಡ್ಲಘಟ್ಟದ ಫಿಲೇಚರ್ ಕಾರ್ಖಾನೆಯಲ್ಲಿ ಬಿಸಿನೀರಿನ ಬಾನಿಯಿಂದ ಗೂಡು ತೆಗೆದು ರೇಷ್ಮೆ ಎಳೆ ಹಿಡಿಯುವವಳು. ಆ ಕೈ ನೋಡಿದರೆ ಬೇಯಿಸಿ ಸುಲಿದ ಗೆಣಸಿನ ಹಾಗೆ. ತನುಜಳ ಅಕ್ಕನೂ ಏಳನೆಯ ಕ್ಲಾಸು ಮುಗಿಸಿ ಅದೇ ಬಾನಿಯ ಮುಂದೆ ಕೂತಳು. ಈಗ ತನುಜಳ ಏಳನೆಯದೂ ಮುಗಿದಿತ್ತು. ಸರ್ಕಾರದ ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸಲು ಶೈಲಜಾ ಎಂಬ ಮೇಡಂ ಬೆಂಗಳೂರಿನಿಂದ ಬಂದು ನಮ್ಮ ಮೊದಲ ಪಂದ್ಯ ನೋಡುವವರಿದ್ದರು. ಹದಿನಾಲ್ಕು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ಮುಂದಿನ ವರ್ಷಕ್ಕೆ ತನುಜ ದಾಟುತ್ತಾಳೆ. ಹಾಸ್ಟೆಲ್ ಇಲ್ಲವಾದರೆ ಬಾನಿ, ಅಷ್ಟೇ.

ಮಧುಕುಮಾರ ಟೈರಿನ ಮೇಲೆ ಕೂತು ಹೆಸರು ಬರೆದುಕೊಂಡ. ತನುಜಳದೇ ಮೊದಲು.

"ಮೊಬೈಲ್ ನಂಬರ್ರಣ್ಣ?"

ಡೈರಿಯ ನಂಬರು ಹೇಳಿದೆ. ನಮ್ಮೂರಲ್ಲಿ ಯಾರಿಗೆ ಏನು ತಿಳಿಸಬೇಕಿದ್ದರೂ ಹಾಲಿನ ಡೈರಿಯಲ್ಲಿ ಹೇಳುತ್ತಾರೆ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಮನೆಗೊಬ್ಬರು ಕ್ಯಾನು ಹಿಡಿದು ಅಲ್ಲಿ ಸಾಲು ನಿಲ್ಲುತ್ತಾರೆ. ಸತ್ತದ್ದು, ಹೆತ್ತದ್ದು, ಕರೆಂಟು ಬರುವ ಹೊತ್ತು, ಓಡಿಹೋದ ಎಮ್ಮೆ, ಎಲ್ಲ ಆ ಸಾಲಿನಲ್ಲಿ ಹಂಚಿಕೆಯಾಗುತ್ತದೆ. ಮೇಜಿನ ಕಾಲಿಗೆ ದಾರದಿಂದ ಕಟ್ಟಿದ ಒಂದು ಮೊಬೈಲಿದೆ. ಹಾಲು ಅಳೆಯುವ ಮಂಗಮ್ಮ ಅದಕ್ಕೆ ಬಂದದ್ದನ್ನು ಸಾಲಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ. ನಾನೂ ಪಂದ್ಯದ ಹೊತ್ತು ಅಲ್ಲೇ ಹೇಳುವುದು. ಇವತ್ತಿನವರೆಗೆ ಒಬ್ಬ ಹುಡುಗಿಯೂ ತಡವಾಗಿ ಬಂದಿಲ್ಲ.

ಎರಡನೆಯ ಹುಡುಗಿಗೂ ಅದೇ ನಂಬರು ಹೇಳಿದೆ. ಮೂರನೆಯವಳಿಗೂ ಅದೇ.

"ಎಲ್ಲಾರ್ದೂ ಇದೇನಾ?"

"ಇದೇ. ಯಾಕೆ, ನಿನ್ನ ಡಬ್ಬ ತಗೊಳಲ್ವಾ?"

"ತಗೊಳ್ತಿದೆ," ಅಂದ.

ಅದು ತೆಗೆದುಕೊಂಡಿತು. ಕೊನೆಯದಾಗಿ ಪ್ರಿಯಾಂಕಳ ಹೆಸರು ಹಾಕಿ ಡಬ್ಬ ಮುಚ್ಚಿದ. ನಾನು ಕೊಟ್ಟ ಟೀ ಕುಡಿದು ಹೋದ.

ಮೊದಲ ಭಾನುವಾರ ಚಿಂತಾಮಣಿಗೂ ಗೌರಿಬಿದನೂರಿಗೂ ಪಂದ್ಯ. ಅವತ್ತೇ ಈ ಯಂತ್ರದ ಯೋಗ್ಯತೆ ಗೊತ್ತಾಗಬೇಕಿತ್ತು. ಚಲಪತಿ ಒಬ್ಬೊಬ್ಬ ಹುಡುಗಿಗೂ ಅಪ್ಪನದೊಂದು, ಚಿಕ್ಕಪ್ಪನದೊಂದು, ಮಂಡಿಯದೊಂದು ಎಂದು ನಂಬರು ಕೊಟ್ಟಿದ್ದನಂತೆ. ಅವನ ಹನ್ನೊಂದು ಹುಡುಗಿಯರು ಕಂಪ್ಯೂಟರಿನ ಪಟ್ಟಿಯಲ್ಲಿ ಮೂವತ್ತಮೂರಾಗಿ ಬಂದಿದ್ದರು. ಹೆಚ್ಚಾದರೆ ತೊಂದರೆಯಿಲ್ಲ, ಆರಿಸಿಕೊ ಎಂದು ಬಿಟ್ಟರು. ಗೌರಿಬಿದನೂರಿನದು ಮಾತ್ರ ಒಪ್ಪವಾಗಿತ್ತು. ಸಿದ್ಧಾರ್ಥ್ ಪ್ರತಿ ಹುಡುಗಿಗೂ ಒಂದೊಂದು ನಂಬರನ್ನು ತಾನೇ ಹುಟ್ಟಿಸಿ ಹಾಕಿದ್ದ. ಅವರ ಪಂದ್ಯದ ಹೊತ್ತು ಹುಬ್ಬಳ್ಳಿ ಕಡೆಯ ಯಾರಿಗೋ ತಿಳಿದು, ಅವರು ಫೋನು ಮಾಡಿ ಬೈದರಂತೆ. ಚಲಪತಿ ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ನಾನೂ ನಕ್ಕೆ.

ನಮ್ಮ ಸರದಿ ಮುಂದಿನ ಭಾನುವಾರ, ಚಿಕ್ಕಬಳ್ಳಾಪುರದಲ್ಲಿ. ಹಾಲಿನ ವ್ಯಾನಿನಲ್ಲಿ ಹುಡುಗಿಯರನ್ನು ಕರೆದುಕೊಂಡು ಹೋದೆ. ಪ್ರಿಯಾಂಕ ಒಬ್ಬಳು ಜ್ವರ ಎಂದು ಬಂದಿರಲಿಲ್ಲ. ನಂದಿಬೆಟ್ಟದ ಮೇಲಿನ ಮಂಜು ಇಳಿದು ಮೈದಾನ ಇನ್ನೂ ತಣ್ಣಗಿತ್ತು. ಶೈಲಜಾ ಮೇಡಂ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ತನುಜ ಅವರ ಕಡೆ ನೋಡುವುದಿಲ್ಲ ಎಂದು ಹಟ ಹಿಡಿದವಳ ಹಾಗೆ ಗೋಲಿನ ಹಿಂದೆ ಓಡುತ್ತಿದ್ದಳು.

ಉದಯಕುಮಾರ ಒಂದು ಹಾಳೆ ಹಿಡಿದುಕೊಂಡು ಬಂದ.

"ಆವುಲಣ್ಣ, ನಿಮ್ಮ ಟೀಮಲ್ಲಿ ಒಬ್ಳೇ ಇದಾಳಲ್ಲ."

"ಹದಿಮೂರು ಜನ ನಿಂತಿದಾರೆ. ಕಣ್ಣು ಕಾಣ್ಸಲ್ವಾ?"

"ಕಣ್ಣಿಗಲ್ಲ, ಸಿಸ್ಟಂಗೆ ಕಾಣಬೇಕು. ಸಿಸ್ಟಂನಲ್ಲಿ ಇರೋದು ಒಬ್ಳು. ಪ್ರಿಯಾಂಕ."

ಮಧುಕುಮಾರನನ್ನು ಕರೆದೆ. ಅವನು ನನ್ನ ಕೈಗೆ ಸಿಗದಷ್ಟು ದೂರ ನಿಂತು ವಿವರಿಸಿದ. ಅವನ ಸಾಫ್ಟ್‌ವೇರಿನಲ್ಲಿ ಒಂದು ನಂಬರಿಗೆ ಒಬ್ಬರೇ. ಅದೇ ನಂಬರಿಗೆ ಇನ್ನೊಬ್ಬರನ್ನು ಹಾಕಿದರೆ ಮೊದಲಿನವರು ಅಳಿಸಿಹೋಗುತ್ತಾರೆ. ತನುಜಳನ್ನು ಎರಡನೆಯವಳು ಅಳಿಸಿದಳು, ಎರಡನೆಯವಳನ್ನು ಮೂರನೆಯವಳು. ಕೊನೆಗೆ ಪ್ರಿಯಾಂಕ ಊರನ್ನೆಲ್ಲ ನುಂಗಿ ಮನೆಯಲ್ಲಿ ಜ್ವರ ಬಂದು ಮಲಗಿದ್ದಳು.

"ನನ್ನೆದುರಿಗೇ ಕೂತು ಅಳಿಸ್ತಿದ್ದೆ. ಬಾಯಿಗೆ ಏನಾಗಿತ್ತೋ?"

"ಎರರ್ ಬರ್ಲಿಲ್ಲಣ್ಣ. ಎರರ್ ಬಂದಿದ್ರೆ ಹೇಳ್ತಿದ್ದೆ."

ಅವನಿಗೆ ಅದು ಸರಿಯಾದ ಉತ್ತರವಾಗಿ ಕಂಡಿತ್ತು. ಅದೇ ನನ್ನನ್ನು ಹೆಚ್ಚು ಉರಿಸಿದ್ದು. ಕಣ್ಣ ಮುಂದೆ ಹದಿನಾಲ್ಕು ಜನ ಒಬ್ಬರಾಗುತ್ತಿದ್ದರೂ ಯಂತ್ರ ಕೂಗದಿದ್ದರೆ ಏನೂ ಆಗಿಲ್ಲ ಎಂದು ತಿಳಿಯುವ ಜಾತಿ.

ಏಳು ಜನರಿಗಿಂತ ಕಡಿಮೆ ಇದ್ದರೆ ಆಟವಿಲ್ಲ, ಚಿಕ್ಕಬಳ್ಳಾಪುರ ಗೆದ್ದ ಹಾಗೆ ಎಂದು ರೆಫರಿ ಹೇಳಿದ.

"ಲೆಕ್ಕಕ್ಕೆ ಬೇಡ. ನೀನೇ ಗೆದ್ದುಕೋ. ಸುಮ್ನೆ ಆಡಿಸು," ಅಂದೆ ಉದಯಕುಮಾರನಿಗೆ.

"ಗೆದ್ದಾಯ್ತಲ್ಲಣ್ಣ, ಇನ್ನು ಯಾಕೆ ಬಿಸಿಲಲ್ಲಿ ಓಡಿಸೋದು?"

ಶೈಲಜಾ ಮೇಡಂ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. "ಮ್ಯಾಚ್ ಆದ್ರೆ ನೋಡ್ತೀನಿ. ಬರೀ ಓಟ, ಕಸರತ್ತು ನೋಡಿ ಆರಿಸಕ್ಕಾಗಲ್ಲ. ಮಧ್ಯಾಹ್ನ ಕೋಲಾರದಲ್ಲಿರ್ಬೇಕು," ಎಂದು ಗಡಿಯಾರ ನೋಡಿದರು.

ಉದಯಕುಮಾರ ನನ್ನ ಭುಜದ ಮೇಲೆ ಕೈ ಹಾಕಿ ಶಾಮಿಯಾನದ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಗೆದ್ದವರಿಗೆ ಕೊಡುವ ಕಪ್ಪುಗಳನ್ನು ಅಕ್ಕಿ ಚೀಲದ ಮೇಲೆ ಜೋಡಿಸಿದ್ದರು. ಜೇಬಿನಿಂದ ಆ ಪತ್ರ ತೆಗೆದ. ಮೂರು ಸಹಿಗಳ ಮಧ್ಯೆ ನನ್ನ ಟೀ ಲೋಟದ ಗುಂಡನೆಯ ಕಲೆ ಹಾಗೇ ಇತ್ತು.

"ಕಾರ್ಯದರ್ಶಿ ಕೈಯಾರೆ ಹೆಸರು ಸೇರಿಸಬಹುದು, ಅದಕ್ಕೆ ಅವಕಾಶ ಇದೆ. ಎರಡು ನಿಮಿಷದ ಕೆಲಸ. ನೀವು ಇದೊಂದು ಮಾಡ್ಕೊಡಿ."

"ಇದು ಚೆನ್ನಾಗಿದೆ ಅಂತ ನಾನು ಬರ್ಕೊಡಬೇಕು. ಇವತ್ತು."

"ನಾಲ್ಕೂ ಕ್ಲಬ್ಬು ಒಪ್ಪಿದ್ರೆ ತುಮಕೂರಿನೋರು ಕೊಳ್ತಾರೆ. ಮೂರೇ ಇದ್ರೆ ನಾಲ್ಕನೇದು ಯಾಕಿಲ್ಲ ಅಂತ ಕೇಳ್ತಾರೆ. ಹುಡುಗನ ಜೀವನದ ಪ್ರಶ್ನೆ ಕಣಣ್ಣ."

ಹುಡುಗನ ಜೀವನ. ಅವನ ಅಳಿಯ ಎರಡು ಹೊತ್ತು ಉಂಡು ಬೈಕಿನಲ್ಲಿ ತಿರುಗುತ್ತಿದ್ದ. ಹಿಂದಿನ ಆವುಲಪ್ಪನಾಗಿದ್ದರೆ ಆ ಕಪ್ಪುಗಳಲ್ಲಿ ಒಂದನ್ನು ತೆಗೆದು ಅವನ ತಲೆಗೆ ಕುಟ್ಟಿ ವ್ಯಾನು ಹತ್ತುತ್ತಿದ್ದೆ. ಕೈ ಕಪ್ಪಿನ ಮೇಲೆ ಹೋಗಿಯೂ ಇತ್ತು.

"ಮಾಮ," ಎಂದು ತನುಜ ಶಾಮಿಯಾನದ ಪಕ್ಕ ಬಂದು ನಿಂತಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಮೇಡಂ ಹೊರಡಕ್ಕೆ ಬ್ಯಾಗು ಎತ್ಕೊಂಡ್ರು."

ಅಕ್ಕನ ಕೈ ನೋಡಿದ್ದ ಹುಡುಗಿ ಅವಳು.

ಪೆನ್ನು ಕಿತ್ತುಕೊಂಡು ಸಹಿ ಹಾಕಿದೆ. ಈ ಸಾಫ್ಟ್‌ವೇರ್ ನಮ್ಮ ಕ್ಲಬ್ಬಿನಲ್ಲಿ ಬಹಳ ಉಪಯೋಗವಾಗಿದೆ. ಕೆಳಗೆ ಆವುಲಪ್ಪ. ಉದಯಕುಮಾರ ಪತ್ರ ಮಡಿಸುತ್ತಾ, "ನೋಡಿ, ಮನಸ್ಸು ಮಾಡಿದ್ರೆ ನೀವೂ ಒಳ್ಳೇರೇ," ಅಂದ. ಸೈಟು ಕೊಂಡವನಿಗೂ ಅವನು ಹೀಗೇ ಹೇಳುತ್ತಾನೆ ಎಂದು ಕಾಣುತ್ತದೆ.

ಹೆಸರು ಸೇರಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಹಾಳೆಯ ಮೇಲೆ ಪೆನ್ನಿನಿಂದಲೇ ಬರೆದ.

ಆಟ ಆಯಿತು. ಮೂರು ಒಂದಕ್ಕೆ ಸೋತೆವು. ತನುಜ ಒಂದೂ ಗೋಲು ಹೊಡೆಯಲಿಲ್ಲ. ಮೊದಲರ್ಧದಲ್ಲಿ ಕಾಲಿಗೆ ಬಂದ ಚೆಂಡನ್ನೆಲ್ಲ ಹೆದರಿ ಹೊರಗೆ ಒದ್ದಳು, ನಾನು ಗೆರೆಯ ಮೇಲೆ ನಿಂತು ಬಾಯಿಗೆ ಬಂದಂತೆ ಬೈದೆ. ಆಮೇಲೆ ಏನು ಹೊಳೆಯಿತೋ, ಎಡಗಡೆಯಿಂದ ನಾಲ್ಕು ಜನರನ್ನು ಬಿಡಿಸಿಕೊಂಡು ಹೋಗಿ ಚೆಂಡನ್ನು ಮುಂದಿನವಳ ಕಾಲಿಗೆ ತಂದಿಟ್ಟಳು. ಅವಳು ಕಣ್ಣು ಮುಚ್ಚಿ ಒದ್ದರೂ ಗೋಲಾಗುವಂತಿತ್ತು, ಕಣ್ಣು ಮುಚ್ಚಿಯೇ ಒದ್ದಳು. ಶೈಲಜಾ ಮೇಡಂ ಹೋಗುವಾಗ ತನುಜಳನ್ನು ಕರೆದರು.

"ನಿಮ್ಮನೆ ಫೋನ್ ನಂಬರ್ ಏನಮ್ಮ?"

ತನುಜ ಡೈರಿಯ ನಂಬರು ಹೇಳಿದಳು. ನಾನು ಬೇಡ ಅನ್ನಲಿಲ್ಲ.

ಮಳೆಗಾಲ ಹಿಡಿಯುವ ಮೊದಲು ಒಂದು ಸಂಜೆ ಫೋನು ಬಂತು. ನಾನು ಡೈರಿಯ ಕಟ್ಟೆಯ ಮೇಲೆ ಕೂತಿದ್ದೆ. ಮಂಗಮ್ಮ ಕಿವಿಗೆ ಹಿಡಿದು ಕೇಳಿ, ದಾರ ಎಳೆದು ಎದ್ದು ನಿಂತು ಕೂಗಿದಳು: "ಮುನಿಶಾಮಮ್ಮ ಎಲ್ಲೇ? ನಿನ್ನ ಮಗಳಿಗೆ ಹಾಸ್ಟೆಲ್ ಆಗೈತಂತೆ."

ಮುನಿಶಾಮಮ್ಮ ಸಾಲಿನ ಕೊನೆಯಲ್ಲಿದ್ದಳು. ಎಲ್ಲರೂ ತಿರುಗಿ ನೋಡಿದರು. ಅವಳು ಸುಲಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಊಟ ಅವರೇ ಹಾಕ್ತಾರಂತಾ?"

ಮಂಗಮ್ಮ ಫೋನಿನಲ್ಲಿ ಕೇಳಿದಳು. "ಹಾಕ್ತಾರಂತೆ."

"ಮೊಟ್ಟೆ?"

"ದಿನಾ ಒಂದು."

"ಹಂಗಾದ್ರೆ ಕಳಿಸ್ತೀನಿ ಅನ್ನು," ಎಂದು ಮುನಿಶಾಮಮ್ಮ ಕ್ಯಾನು ಎತ್ತಿಕೊಂಡು ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಬಂದಳು. ಮುಂದಿದ್ದವರೆಲ್ಲ ಜರುಗಿ ಅವಳಿಗೆ ದಾರಿ ಬಿಟ್ಟರು.

ಸಾಫ್ಟ್‌ವೇರನ್ನು ತುಮಕೂರಿನವರು ಕೊಂಡರಂತೆ. ಅಲ್ಲಿ ಯಾರನ್ನು ಯಾರು ಅಳಿಸುತ್ತಿದ್ದಾರೋ ಗೊತ್ತಿಲ್ಲ. ಪತ್ರದಲ್ಲಿರುವ ಸಹಿ ನನ್ನದೇ, ಯಾರಾದರೂ ಬಂದು ಕೇಳಿದರೆ ಅಲ್ಲ ಅನ್ನುವುದಿಲ್ಲ. ಯಾಕೆ ಹಾಕಿದೆ ಎಂದು ಕೇಳಿದರೆ ತನುಜಳ ಹಾಸ್ಟೆಲಿನ ವಿಳಾಸ ಕೊಡುತ್ತೇನೆ.

ಭಾನುವಾರ ಬೆಳಗ್ಗೆ ಡೈರಿಯ ಮೊಬೈಲು ಈಗಲೂ ಒಮ್ಮೆ ಕಿರುಗುಟ್ಟುತ್ತದೆ. ಡಿಯರ್ ಪ್ರಿಯಾಂಕ, ಇವತ್ತು ನಿಮ್ಮ ಪ್ರಾಕ್ಟೀಸ್ ಇದೆ. ಅಷ್ಟು ಹೊತ್ತಿಗೆ ಪ್ರಿಯಾಂಕ, ಉಳಿದವರು, ನಾನು, ಎಲ್ಲ ಬಯಲಿನಲ್ಲಿರುತ್ತೇವೆ. ಹಿಂದಿನ ಸಂಜೆಯೇ ಸಾಲಿನಲ್ಲಿ ಹೇಳಿಯಾಗಿರುತ್ತದೆ. ಮಂಗಮ್ಮ ಹಾಲಿನ ಕೈಯಲ್ಲೇ ಅದನ್ನು ಅಳಿಸಿ, ಮುಂದಿನ ಕ್ಯಾನು ತಾ ಅನ್ನುತ್ತಾಳೆ.