ಒಂಟಿಹಳಿಯ ಚಂದ್ರಣ್ಣನವರು

೨೦೨೩ನೆಯ ಇಸವಿ ಮಾರ್ಚ್ ಒಂಬತ್ತು, ಗುರುವಾರ. ಪಂಚಾಂಗದ ಪ್ರಕಾರ ಶಿಶಿರ ಋತು ಇನ್ನೂ ಮುಗಿದಿರಲಿಲ್ಲ. ಆದರೆ ಆದೋನಿಯ ಬಿಸಿಲು ಪಂಚಾಂಗದ ಅಪ್ಪಣೆಗೆ ಕಾಯುವಂಥದಲ್ಲ. ಬೆಳಗಿನ ಹತ್ತು ಗಂಟೆಗೇ ಆಕಾಶ ತೆಳುವಾಗಿ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಗಾಳಿ ಬಿದ್ದುಹೋಗಿ, ಜಿನ್ನಿಂಗ್ ಕಾರ್ಖಾನೆಗಳ ಕಡೆಯಿಂದ ಹಾರಿಬಂದ ಅರಳೆಯ ಎಳೆಗಳು ನೆಲಕ್ಕಿಳಿಯುವುದನ್ನು ಮರೆತು ಅಂತರಿಕ್ಷದಲ್ಲಿ ನಿಂತುಬಿಟ್ಟಿದ್ದವು. ಆ ಬೆಳಕಿನಲ್ಲಿ ಚಂದ್ರಣ್ಣನವರು ಹಳೆಯ ಗೂಡ್ಸ್ ಆಫೀಸಿನ ಮುಂದಿನ ಹಳಿಯ ಬಳಿಗೆ ಬಂದು, ನಿಂತು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಮತ್ತೊಮ್ಮೆ ಎಡಕ್ಕೆ ನೋಡಿದರು, ಆಮೇಲೆ ದಾಟಿದರು. ಆ ಹಳಿಯ ಮೇಲೆ ೧೯೯೪ರ ತರುವಾಯ ಒಂದು ವ್ಯಾಗನ್ ಕೂಡ ಉರುಳಿಲ್ಲ. ಎಡಗಡೆ ಅದು ಜಾಲಿಯ ಪೊದೆಯೊಳಗೆ ಹೊಕ್ಕು ಮುಗಿದುಹೋಗುತ್ತದೆ. ಬಲಗಡೆ ಅದಕ್ಕೆ ಯಾರೋ ಎಮ್ಮೆ ಕಟ್ಟುತ್ತಾರೆ.

"ಏನ್ರಣ್ಣಾ, ಎಮ್ಮಿ ಬರಾಕ ಹತ್ತೇತೇನು?" ಎಂದರು ಜಗಲಿಯ ಮೇಲೆ ನಿಂತಿದ್ದ ಬಸವಪ್ರಸಾದರು. ಅವರು ನಮ್ಮ ರೈಲು ಪರಂಪರೆ ಸಂಘದ ಕಾರ್ಯದರ್ಶಿ.

"ಎಮ್ಮೀನೂ ಬರಬೋದಪ. ಹಳಿ ಅಂದಮ್ಯಾಲೆ ಹಳೀನ" ಎಂದರು ಚಂದ್ರಣ್ಣನವರು, ನಗದೆ.

ಅವರ ನಡಿಗೆಯನ್ನೂ ಹಳಿಯೇ ಕಲಿಸಿತ್ತು. ಬಾಲ್ಯದಲ್ಲಿ ರೈಲುಹಳಿಯ ಅಡ್ಡಪಟ್ಟಿಗಳ ಮೇಲೆ ಕಾಲಿಡುತ್ತ ಶಾಲೆಗೆ ಹೋಗಿ ಬಂದ ಪರಿಣಾಮವಾಗಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲೂ ಅವರ ಹೆಜ್ಜೆಗಳು ಒಂದೇ ಅಳತೆಯವು; ಬಜಾರಿನ ಡಾಂಬರು ರಸ್ತೆಯಲ್ಲಿ ಅವರು ನಡೆದುಬರುತ್ತಿದ್ದರೆ, ನಮಗೆ ಕಾಣದ ಪಟ್ಟಿಗಳು ಅವರ ಪಾದದ ಕೆಳಗೆ ಒಂದೊಂದಾಗಿ ಬಂದು ಸೇರುತ್ತಿರುವಂತೆ ತೋರುತ್ತಿತ್ತು. ವೈಶಾಖದಲ್ಲೂ ಬಿಡದ ಕಂದು ಬಣ್ಣದ ಮುಚ್ಚುಕೊರಳಿನ ಕೋಟು ಅವರದು. ೧೯೭೬ರಲ್ಲಿ ಮದುವೆಗೆಂದು ಹೊಲಿಸಿದ್ದು. (ಪತ್ನಿ ಹೂವಮ್ಮನವರು ೧೯೭೭ ಎನ್ನುತ್ತಾರೆ, ಲಗ್ನಪತ್ರಿಕೆ ಚಂದ್ರಣ್ಣನವರ ಪರವಾಗಿದೆ.) ಮೂರು ತಲೆಮಾರಿನ ಹತ್ತಿ ದಲಾಲಿಯ ಮನೆತನ. ಅರಳೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಮೆಲ್ಲನೆ ಎಳೆದು, ಎಳೆಯ ಉದ್ದವನ್ನು ಕಣ್ಣಂದಾಜಿನಲ್ಲೇ ಹೇಳುವುದು ಆ ಮನೆತನದ ವಿದ್ಯೆ. ಅಂಗಡಿ ಮುಚ್ಚಿದ ಮೇಲೂ ಬೆರಳುಗಳು ವಿದ್ಯೆಯನ್ನು ಬಿಡಲಿಲ್ಲ. ಎದುರಿಗೆ ಯಾರಾದರೂ ಮಾತನಾಡುತ್ತಿದ್ದರೆ ಚಂದ್ರಣ್ಣನವರ ಬೆರಳುಗಳು ಶೂನ್ಯದಿಂದ ಒಂದು ಎಳೆಯನ್ನು ಹಿಡಿದು ಎಳೆಯುತ್ತಲೇ ಇರುತ್ತಿದ್ದವು. ಮಾತಿನಲ್ಲಿ ಹುರುಳಿದ್ದರೆ ಎಳೆ ಉದ್ದಕ್ಕೆ ಬರುತ್ತಿತ್ತು. ಇಲ್ಲದಿದ್ದರೆ ಬೆರಳುಗಳು ತಟ್ಟನೆ ಬೇರ್ಪಡುತ್ತಿದ್ದವು. ಆದೋನಿಯಲ್ಲಿ ಭಾಷಣ ಮಾಡುವವರು ಸಭೆಯಲ್ಲಿ ಅವರ ಕೈಯನ್ನು ನೋಡದಿರಲು ಪ್ರಯತ್ನಿಸುತ್ತಿದ್ದರು.

ರೈಲ್ವೆಯಲ್ಲಿ ಅವರು ಒಂದು ದಿನವೂ ದುಡಿದವರಲ್ಲ. ಆದರೆ ೧೯೫೮ರ ಕಾರ್ತಿಕದಲ್ಲಿ, ಒಂಬತ್ತು ವರ್ಷದ ಹುಡುಗನಾಗಿದ್ದಾಗ, ತಂದೆಯ ಹತ್ತಿ ಬೇಲುಗಳ, ಒತ್ತಿ ಕಟ್ಟಿದ ಆ ಮೂಟೆಗಳ, ಮೇಲೆ ಕುಳಿತು ಅವರೊಂದು ದೃಶ್ಯವನ್ನು ಕಂಡಿದ್ದರು. ಮುಸ್ಸಂಜೆ; ಪ್ಲಾಟ್‌ಫಾರ್ಮಿನ ತುದಿಯಲ್ಲಿ ಒಬ್ಬಾತ ಬೆತ್ತದ ದೊಡ್ಡ ಬಳೆಯೊಂದನ್ನು ಎತ್ತಿ ಹಿಡಿದು ನಿಂತಿದ್ದಾನೆ; ನಿಲ್ಲದ ಗಾಡಿಯೊಂದು ಹೊಗೆಯನ್ನೂ ಕೆಂಬೆಳಕನ್ನೂ ಚೆಲ್ಲುತ್ತ ಬರುತ್ತದೆ; ಎಂಜಿನ್ನಿನ ಬೆಂಕಿಯ ಬೆಳಕಿನೊಳಗಿಂದ ಒಂದು ತೋಳು ಹೊರಬಂದು, ಆ ಬಳೆಯನ್ನು ತೊಟ್ಟು, ಕತ್ತಲೊಳಗೆ ಮರೆಯಾಗುತ್ತದೆ. ಅಷ್ಟೆ.

"ಅದೇನಪ್ಪಾ?" ಎಂದು ಹುಡುಗ ಕೇಳಿದ.

"ಅದು ಮಾತು. ಮುಂದಿನ ಸ್ಟೇಷನ್ ತನಕ ಹಳಿ ಖಾಲಿ ಐತಿ ಅಂತ ಕೊಟ್ಟ ಮಾತು" ಎಂದರು ತಂದೆ.

ಆಗ ಇದ್ದುದು ಒಂಟಿ ಹಳಿ. ಎರಡು ನಿಲ್ದಾಣಗಳ ನಡುವೆ ಒಂದು ಸಮಯಕ್ಕೆ ಒಂದೇ ಗಾಡಿ ಇರಬೇಕು. ಅದಕ್ಕಾಗಿ ನಿಲ್ದಾಣದ ಯಂತ್ರದಿಂದ ಹೊರಬರುವ ಕಬ್ಬಿಣದ ಗುಂಡೊಂದನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ಬೆತ್ತದ ಬಳೆಗೆ ಕಟ್ಟಿ, ಚಾಲಕನ ಕೈಗೆ ಕೊಡುವರು. ಟೋಕನ್ ಎಂದು ಅದರ ಹೆಸರು. ಅದು ಕೈಯಲ್ಲಿಲ್ಲದ ಚಾಲಕ ಮುಂದಕ್ಕೆ ಹೋಗುವಂತಿಲ್ಲ. ಒಂದು ಗುಂಡು ಹೊರಗಿರುವತನಕ ಯಂತ್ರ ಇನ್ನೊಂದನ್ನು ಬಿಡುವುದಿಲ್ಲ. ಇದೆಲ್ಲವನ್ನೂ ಚಂದ್ರಣ್ಣನವರು ಆಮೇಲೆ ಓದಿ, ಕೇಳಿ ತಿಳಿದುಕೊಂಡರು. ಆ ತೋಳನ್ನು ಮಾತ್ರ ಓದಿ ತಿಳಿದದ್ದಲ್ಲ.

ನಮ್ಮ ಸಂಘ ಸ್ಥಾಪನೆಯಾದದ್ದು ೨೦೧೧ರ ಆಗಸ್ಟ್ ಹದಿನಾಲ್ಕು, ಭಾನುವಾರ. (ಫಲಕದ ಮೇಲೆ ಹದಿನೈದು ಎಂದು ಬರೆದಿರುವುದು ಬಣ್ಣದವನ ದೇಶಪ್ರೇಮ.) ಕೆಲಸವಿಲ್ಲದೆ ಬಿದ್ದಿದ್ದ ಗೂಡ್ಸ್ ಆಫೀಸನ್ನು ರೈಲ್ವೆಯವರು ಸಂಗ್ರಹಾಲಯಕ್ಕೆಂದು ತಾತ್ಕಾಲಿಕವಾಗಿ ಬಿಟ್ಟುಕೊಟ್ಟರು. ಮುಂದೊಂದು ಕೋಣೆ, ಹಿಂದೊಂದು ದೊಡ್ಡ ಅಂಕಣ. ಎರಡರ ನಡುವೆ ಒಬ್ಬನೇ ಹಾದುಹೋಗಬಹುದಾದ ಇಕ್ಕಟ್ಟಿನ ಓಣಿ. ೨೦೧೪ರ ನವೆಂಬರ್ ಎರಡರಂದು ಆ ಓಣಿಯಲ್ಲಿ, ಒಳಗೆ ಹೋಗುತ್ತಿದ್ದ ನಂದವರಂ ಕಡೆಯ ಗೃಹಸ್ಥರೊಬ್ಬರೂ ಹೊರಗೆ ಬರುತ್ತಿದ್ದ ಅವರ ಬೀಗರೂ ಎದುರುಬದುರಾಗಿ, ಯಾರು ಯಾರಿಗೆ ದಾರಿ ಬಿಡಬೇಕೆಂಬ ಮರ್ಯಾದೆಯ ಪ್ರಶ್ನೆಯಲ್ಲಿ ಭುಜ ತಾಗಿ, ಗೋಡೆಯ ಮೇಲಿನ ಸಿಗ್ನಲ್ ದೀಪದ ಕೆಂಪು ಗಾಜು ಒಡೆಯಿತು. ನಮ್ಮ ಸಂಗ್ರಹಾಲಯದ ಇತಿಹಾಸದಲ್ಲಿ ನಡೆದ ಮುಖಾಮುಖಿ ಡಿಕ್ಕಿ ಅದೊಂದೇ. ಮರುದಿನದಿಂದ ಚಂದ್ರಣ್ಣನವರು ಓಣಿಯ ಬಾಯಿಗೆ ಒಂದು ಗೂಟ ಹೊಡೆದು ಬೆತ್ತದ ಬಳೆಯನ್ನು ನೇತುಹಾಕಿದರು. ಬಳೆ ಹೆಗಲಿಗೆ ಹಾಕಿಕೊಂಡವರಿಗೆ ಮಾತ್ರ ಓಣಿಯ ಪ್ರವೇಶ; ಅವರು ಅದನ್ನು ಮರಳಿ ತರುವವರೆಗೆ ಉಳಿದವರು ನಿಲ್ಲಬೇಕು. ಮಂತ್ರಿಗಳಿಗೂ ವಿನಾಯಿತಿ ಇಲ್ಲ.

ಜನ ನಕ್ಕರು, ಆಮೇಲೆ ಒಗ್ಗಿಕೊಂಡರು. ನಗುವುದನ್ನು ಬಿಡದವರು ಹೂವಮ್ಮನವರೊಬ್ಬರೇ. "ಆ ಬಳಿ ಅಡಿಗಿಮನಿಗೆ ಮಾತ್ರ ತರಬ್ಯಾಡ್ರಿ" ಎಂದು ಅವರು ನೆಂಟರೆದುರಿಗೇ ಎಚ್ಚರಿಸುತ್ತಿದ್ದರು. "ನಾ ಎರಡೂ ಕಡಿಯಿಂದ ಗಾಡಿ ಬಿಡಾಕಿ."

ಇದೊಂದು ಆಟವಲ್ಲವೆಂದು ಚಂದ್ರಣ್ಣನವರು ಒಮ್ಮೆ ಮಾತ್ರ ವಿವರಿಸಿದ್ದುಂಟು. "ದೀಪ ಇಡಬೋದು, ಗಂಟಿ ಇಡಬೋದು, ಗಾಜಿನ ಕಪಾಟಿನಾಗ ಟಿಕೇಟು ಇಡಬೋದು. ಒಬ್ಬ ಹೇಳಿದ ಮಾತು ನಂಬಿ ಇನ್ನೊಬ್ಬ ಕತ್ತಲ್ದಾಗ ಗಾಡಿ ಓಡಿಸ್ತಿದ್ನಲ್ಲ, ಅದನ್ನ ಯಾ ಕಪಾಟಿನಾಗ ಇಡ್ತೀರಿ? ಅದನ್ನ ಮಾಡಬೇಕು. ದಿನಾ ಮಾಡಬೇಕು."

ಆ ಗುರುವಾರದ ಮಹತ್ವವೇನೆಂದರೆ, ಸೈಡಿಂಗನ್ನು, ಎಂದರೆ ಗೂಡ್ಸ್ ಗಾಡಿಗಳು ನಿಲ್ಲುವ ಪಕ್ಕದ ಹಳಿಯನ್ನು, ಉದ್ದಮಾಡುವ ಹೊಸ ಯೋಜನೆಗೆ ಈ ಕಟ್ಟಡ ಅಡ್ಡ ಬರುತ್ತದೆಂಬ ಸುದ್ದಿ ಸಂಕ್ರಾಂತಿಯಿಂದಲೇ ಹಬ್ಬಿತ್ತು. ಉಳಿಸುವುದೋ ಕೆಡವುವುದೋ ನೋಡಲು ರೈಲ್ವೆಯ ಅಧಿಕಾರಿ ಶಿವಲೀಲಾ ಅವರು ಅಂದು ಬರುವವರಿದ್ದರು. ಚಂದ್ರಣ್ಣನವರಿಗೆ ಆ ಕಟ್ಟಡ ಕೇವಲ ಕಟ್ಟಡವಲ್ಲ. ತಂದೆಯ ಬೇಲುಗಳಿದ್ದ ಜಾಗ, ಆ ತೋಳನ್ನು ಕಂಡ ಜಾಗ. ವಾರದಿಂದ ಅವರು ಸರಿಯಾಗಿ ಉಂಡಿರಲಿಲ್ಲ.

ಹನ್ನೊಂದಕ್ಕೆ ಶಿವಲೀಲಾ ಬಂದರು. ಬಳ್ಳಾರಿಯವರು, ನಲವತ್ತರ ಆಸುಪಾಸು, ಮಿತಭಾಷಿ. ಜೊತೆಗೆ ನಾಲ್ವರು ಸಿಬ್ಬಂದಿ. ಮುಂದಿನ ಕೋಣೆಯನ್ನು ನೋಡಿ ಮುಗಿಸಿ ಓಣಿಯತ್ತ ತಿರುಗಿದಾಗ, ಗೂಟದ ಮೇಲೆ ಬಳೆ ಇರಲಿಲ್ಲ.

ಬೆಳಿಗ್ಗೆ ಕಸ ಗುಡಿಸಿ ರಂಗೋಲಿ ಹಾಕಿದವರು ಹೊಳಗುಂದದ ಶಂಕರಮ್ಮ; ಗುರುವಾರ ಮತ್ತು ಭಾನುವಾರ ಸ್ವಇಚ್ಛೆಯಿಂದ ಬಂದು ದುಡಿಯುವ ರೈತ ಹೆಂಗಸು. ಅವರು ಇನ್ನೂ ಒಳಗೇ ಇದ್ದಾರೆಂದು ಎಲ್ಲರ ಭಾವನೆ. ಕೂಗಿದರು; ಉತ್ತರವಿಲ್ಲ. ಬಸವಪ್ರಸಾದರು ಫೋನ್ ಮಾಡಿದರು.

"ಯಣ್ಣಾ, ನಾ ಹೊಲ್ದಾಗ ಅದೀನಿ" ಎಂದಿತು ಫೋನು, ಎಲ್ಲರಿಗೂ ಕೇಳುವಂತೆ. "ಶೇಂಗಾ ಕೀಳಾಕ ಆಳು ಬಂದಾರಂತ ಹಿಂದಿನ ಬಾಗ್ಲ ಕೀಲಿ ಹಾಕ್ಕೊಂಡು ಬಸ್ಸಿಗೆ ಓಡಿದೆ. ಏನಾತು?"

"ಬಳಿ ಎಲ್ಲಿಟ್ಟಿ ಶಂಕರಮ್ಮಾ?"

"ಅಯ್ಯ ಶಿವನೇ, ಹೆಗಲಿಗೇ ಐತಿ. ಅದಕ್ಕಽ ಬಸ್ಸಿನಾಗ ಎಲ್ಲಾರೂ ನನ್ನೇ ನೋಡಾಕ ಹತ್ತಿದ್ರು."

ಬಸವಪ್ರಸಾದರು ಹಣೆ ಒತ್ತಿಕೊಂಡು ಪಿಸುಗುಟ್ಟಿದರು: "ಅಣ್ಣಾ, ಇವತ್ತೊಂದಿನ ಬಿಡ್ರಿ. ಒಳಗ ಯಾರಿಲ್ಲ. ಆಕೀನೇ ಹೇಳಿದ್ಲಲ್ಲ, ಹೊಲ್ದಾಗ ಅದೀನಂತ."

"ಒಳಗ ಯಾರಿಲ್ಲಂತ ನನಗೂ ಗೊತ್ತೈತಿ" ಎಂದರು ಚಂದ್ರಣ್ಣನವರು. "ಗೊತ್ತೈತಿ ಅಂತ ಗಾಡಿ ಬಿಡಂಗಿಲ್ಲ."

"ಟೈಮ್ ಲೇದು ಮೇಡಂ" ಎಂದ ಸಿಬ್ಬಂದಿಯಲ್ಲೊಬ್ಬ, ತೆಲುಗಿನಲ್ಲಿ, ಗಡಿಯಾರ ತೋರಿಸುತ್ತ.

ಶಿವಲೀಲಾ ಚಂದ್ರಣ್ಣನವರನ್ನೇ ನೋಡುತ್ತಿದ್ದರು. "ಹಂಗಾದ್ರ ನಾ ನೋಡದಽ ಹೋಗಬೇಕೇನ್ರೀ?"

ಮುದುಕರ ಬೆರಳುಗಳು ಶೂನ್ಯದಿಂದ ಎಳೆಯೊಂದನ್ನು ಬಹಳ ಹೊತ್ತು ಎಳೆದವು. ಎದುರಿಗಿದ್ದುದು ಕಟ್ಟಡದ ಉಳಿವು. ತಡೆದರೆ ಅಧಿಕಾರಿ ಮುನಿಸಿಕೊಂಡು ಹೋಗಬಹುದು, ಬಿಟ್ಟರೆ ಎಂಟು ವರ್ಷ ನಡೆಸಿಕೊಂಡು ಬಂದದ್ದು ಆಟವೆಂದು ತಾವೇ ಒಪ್ಪಿಕೊಂಡಂತೆ. ಅವರು ಗಾಜಿನ ಕಪಾಟನ್ನು ತೆರೆದು, ಯಾರೂ ಮುಟ್ಟಬಾರದೆಂದು ತಾವೇ ಚೀಟಿ ಅಂಟಿಸಿದ್ದ ಗಾರ್ಡಿನ ಕೆಂಪು ಬಾವುಟವನ್ನು ಹೊರತೆಗೆದು, ಕೋಟಿನ ತೋಳಿಗೆ ಕಟ್ಟಿಕೊಂಡರು.

"ಟೋಕನ್ ಕಳಕೊಂಡಾಗ ಮನಷಾನ ಟೋಕನ್ ಆಗ್ತಾನ್ರೀ. ಕೆಂಪು ಕಟ್ಟಿಕೊಂಡು ಒಬ್ಬ ಗಾಡಿ ಸಂಗಾಟ ಹೋಗ್ತಾನ, ಬರ್ತಾನ. ಅವನಿಲ್ಲದ ಯಾ ಗಾಡೀನೂ ಮುಂದಕ್ಕ ಹಂದಂಗಿಲ್ಲ. ಒಬ್ಬೊಬ್ಬರ ಬರ್ರಿ, ನಾ ಕರಕೊಂಡು ಹೋಗ್ತೀನಿ."

ಮೊದಲು ಶಿವಲೀಲಾ ಅವರನ್ನು ಕರೆದುಕೊಂಡು ಹೋದರು. ಒಳಗೆ ಬಿಟ್ಟು, ಒಬ್ಬರೇ ಮರಳಿ ಬಂದು, ಇನ್ನೊಬ್ಬನನ್ನು ಕರೆದೊಯ್ದರು. ಮೊಣಕಾಲು ನೋವಿನ ದೇಹ; ಅಳತೆ ತಪ್ಪದ ಹೆಜ್ಜೆ. ಓಣಿಯ ಗೋಡೆಯನ್ನು ಕೈಯಿಂದ ಸವರುತ್ತ ಹೋಗುವುದು, ಸವರುತ್ತ ಬರುವುದು. ಅಷ್ಟು ಹೊತ್ತೂ ಶಿವಲೀಲಾ ಹಿಂದಿನ ಅಂಕಣದಲ್ಲಿ, ಕೆಂಪು ಬಣ್ಣ ಮಾಸಿದ ಟೋಕನ್ ಯಂತ್ರದ ಮುಂದೆ ನಿಂತಿದ್ದರು. ಎತ್ತರದ ಗವಾಕ್ಷಿಯಿಂದ ಇಳಿದ ಬಿಸಿಲ ಕೋಲಿನಲ್ಲಿ ಅರಳೆಯ ಎಳೆಗಳು ಮೇಲೂ ಹೋಗದೆ ಕೆಳಗೂ ಬಾರದೆ ತೇಲುತ್ತಿದ್ದವು. ದೂರದಲ್ಲೆಲ್ಲೋ ನಿಜವಾದ ಗಾಡಿಯೊಂದು ಕೂಗಿ, ಆ ಕೂಗು ಊರಿನ ಕೋಟೆಯ ಬೆಟ್ಟಗಳಿಗೆ ತಾಗಿ, ಬೇರೊಂದು ಕಾಲದ ಗಾಡಿಯ ಉತ್ತರದಂತೆ ಮೆತ್ತಗಾಗಿ ಮರಳಿತು. ತಾವು ಯಾವ ಇಸವಿಯಲ್ಲಿ ನಿಂತಿದ್ದೇವೆಂಬುದು ಅಲ್ಲಿದ್ದವರಿಗೆ ಕೊಂಚ ಹೊತ್ತು ಮಸುಕಾಗಿದ್ದರೆ ಆಶ್ಚರ್ಯವಿಲ್ಲ. ಗಡಿಯಾರ ತೋರಿಸಿದ್ದವನೂ ಒಳಗೆ ಬಂದ ಮೇಲೆ ಗಡಿಯಾರ ನೋಡಲಿಲ್ಲ.

ಎಲ್ಲರನ್ನೂ ಅದೇ ಕ್ರಮದಲ್ಲಿ ಹೊರಗೆ ಕರೆತಂದ ಮೇಲೆ ಚಂದ್ರಣ್ಣನವರು ಬೆಂಚಿನ ಮೇಲೆ ಕುಸಿದಂತೆ ಕುಳಿತರು. ಶಿವಲೀಲಾ ಬಂದು ಅವರ ಪಕ್ಕದಲ್ಲೇ ಕುಳಿತರು.

"ನೋಡೋಣ, ಮ್ಯಾಲಿನೋರಿಗೆ ಹೇಳ್ತೀನಿ ಅಂತ ಹೇಳಿ ಹೋಗಬೇಕಂತ ಬಂದಿದ್ದೆ" ಎಂದರು. "ನಿಮಗ ಹಂಗ ಹೇಳಾಕ ಬಾಯಿ ಬರವಲ್ದು. ನಕಾಶೆ ಮುಗದೈತ್ರಿ. ಹೊಸ ಹಳಿ ಇದರ ಮ್ಯಾಲೇ ಹಾಯ್ತೈತಿ. ಕಟ್ಟಡ ಉಳಿಯಂಗಿಲ್ಲ. ವರ್ಷದ ಕೊನಿತನಕ ಯಾರೂ ಮುಟ್ಟದಂಗ ನೋಡಿಕೊಳ್ತೀನಿ. ಅಷ್ಟು ನನ್ನ ಕೈಯಾಗ ಐತಿ. ಅಷ್ಟಕ್ಕ ಮಾತು ಕೊಡ್ತೀನಿ."

ಬಸವಪ್ರಸಾದರು ಮುಖ ತಿರುಗಿಸಿಕೊಂಡರು. ಅಧಿಕಾರಿಗಳ ಜೀಪು ಕಣ್ಮರೆಯಾದ ಮೇಲೆ ಅವರ ನಾಲಿಗೆ ಹರಿತವಾಯಿತು. "ಬಳಿ ಬಳಿ ಅಂತ ಕಟ್ಟಡಾನೇ ಕೊಟ್ಟು ಕಳಿಸಿದ್ರಿ. ನಗುನಗುತ ಒಳಗ ಬಿಟ್ಟಿದ್ರ ಆಕಿ ಬಾಯಿಂದ ಹಿಂಗ ಬರ್ತಿತ್ತೇನು?"

"ನಕಾಶೆ ಬದಲಾಗ್ತಿತ್ತೇನು?"

"ಆಸೇನಾದ್ರೂ ಉಳಿತಿತ್ತಲ್ಲ."

"ಖಾಲಿ ಇಲ್ಲದ ಹಳೀನ ಖಾಲಿ ಐತಿ ಅನ್ನೋದು ಆಸೆ ಅಲ್ಲೋ ಪ್ರಸಾದಾ" ಎಂದರು ಚಂದ್ರಣ್ಣನವರು, ಬಾವುಟವನ್ನು ಬಿಚ್ಚಿ ಮಡಿಸುತ್ತ. ಮಾತು ಗೆದ್ದವರ ಮುಖ ಅದಾಗಿರಲಿಲ್ಲ. ಆ ಮಧ್ಯಾಹ್ನ ಅವರು ಮನೆಗೆ ಹೋಗಲಿಲ್ಲ. ತಂದೆಯ ಬೇಲುಗಳಿರುತ್ತಿದ್ದ ಜಗಲಿಯ ಮೂಲೆಯಲ್ಲಿ, ಕೋಟು ಕಳಚಿ ಮಡಿಲಲ್ಲಿಟ್ಟುಕೊಂಡು, ಬಿಸಿಲು ಇಳಿಯುವವರೆಗೂ ಕುಳಿತಿದ್ದರು.

ಇಂಥವರನ್ನು ಊರು ಹಟಮಾರಿಗಳೆಂದು ಕರೆಯುತ್ತದೆ. ಕರೆದು, ತನ್ನ ಬೀಗದ ಕೈಗಳನ್ನು ಅವರ ಬಳಿಯಲ್ಲೇ ಇಡುತ್ತದೆ. ಹಳೆಯದನ್ನು ಪ್ರೀತಿಸುವವರಲ್ಲಿ ಬಹುಮಂದಿ ಅದರ ತುಕ್ಕನ್ನೂ ಹೊಳಪನ್ನೂ ಪ್ರೀತಿಸುತ್ತಾರೆ. ಅದರ ಶಿಸ್ತನ್ನು ಪ್ರೀತಿಸುವುದು ದುರ್ಲಭ, ಏಕೆಂದರೆ ಶಿಸ್ತು ಪ್ರತಿದಿನವೂ ಏನನ್ನಾದರೂ ಕೇಳುತ್ತದೆ, ಕೆಲವು ದಿನ ತೀರ ಪ್ರಿಯವಾದುದನ್ನೇ ಕೇಳುತ್ತದೆ. ಕೇಳಿದ್ದನ್ನು ಕೊಟ್ಟವರ ಎದುರಿಗೆ ಸುಳ್ಳು ಹೇಳುವುದು ಉಳಿದವರಿಗೆ ಸ್ವಲ್ಪ ಕಷ್ಟವಾಗುತ್ತದೆ. ಅವರಿಂದ ಲೋಕಕ್ಕೆ ಆಗುವ ಉಪಕಾರ ಬಹುಶಃ ಇಷ್ಟೇ. ಇದು ಅಲ್ಪವೆಂದು ನಾನು ಎಣಿಸುವುದಿಲ್ಲ.

ಮುಂದೆ ನಡೆದದ್ದು: ಕೊಟ್ಟ ಅವಧಿಯಲ್ಲಿ ಯಾರೂ ಕಟ್ಟಡವನ್ನು ಮುಟ್ಟಲಿಲ್ಲ. ಸಂಘದ ಸದಸ್ಯ ವಾಗೀಶರು ತಮ್ಮ ಖಾಲಿ ಹತ್ತಿ ಗೋದಾಮನ್ನು ಬಿಟ್ಟುಕೊಟ್ಟರು. ಒಂದು ಗಾಜೂ ಒಡೆಯದೆ ಸಾಮಾನು ಸಾಗಿ, ೨೦೨೩ರ ಡಿಸೆಂಬರ್ ಹತ್ತು, ಭಾನುವಾರ, ಸಂಗ್ರಹಾಲಯ ಅಲ್ಲಿ ಮತ್ತೆ ತೆರೆಯಿತು. ೨೦೨೪ರ ಜನವರಿ ಹದಿನೇಳು, ಬುಧವಾರ, ಗೂಡ್ಸ್ ಆಫೀಸನ್ನು ಕೆಡವಿದರು. ಚಂದ್ರಣ್ಣನವರು ನೋಡಲು ಹೋಗಲಿಲ್ಲ. ಅದೇ ವರ್ಷದ ಜೂನ್ ಹದಿನಾರು, ಭಾನುವಾರ ಮಧ್ಯಾಹ್ನ, ಮೋಡ ಕವಿದಿತ್ತು, ಮಳೆ ಇರಲಿಲ್ಲ. ಶಿವಲೀಲಾ ಅವರು ಪರಿವಾರವಿಲ್ಲದೆ ಒಬ್ಬರೇ ಗೋದಾಮಿಗೆ ಬಂದರು. ಚಂದ್ರಣ್ಣನವರು ಊಟಕ್ಕೆ ಮನೆಗೆ ಹೋಗಿದ್ದರು. ಬಾಗಿಲು ತೆರೆದೇ ಇತ್ತು, ಬಾಗಿಲ ಪಕ್ಕದ ಗೂಟದ ಮೇಲೆ ಬಳೆ ಇರಲಿಲ್ಲ. ಅವರು ಬರುವವರೆಗೆ ಆಕೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು.